ಕಥೆ ಬೇರೆ, ಪೆಟ್ಟಿಗೆ ಬೇರೆ: ಧಾರಾವಾಹಿ ನೋಡುವವರಿಗೆ ಕ್ರೈಸ್ತ ದೈವಶಾಸ್ತ್ರ ಕೇಳುವ ಎರಡು ಪ್ರಶ್ನೆಗಳು

"ಕ್ರೈಸ್ತರು ಧಾರಾವಾಹಿ ನೋಡಬಹುದಾ?" ಯುವಜನರ ಕೂಟಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ಬೇಕಾಗಿರುವುದು ಹೌದು ಅಥವಾ ಇಲ್ಲ ಅನ್ನೋ ಉತ್ತರ. ಹೇಳುವವರೂ ಬೇಗ ಒಂದು ಪಟ್ಟಿ ಕೊಟ್ಟುಬಿಡುತ್ತಾರೆ. ಹೊಡೆದಾಟ ಜಾಸ್ತಿ ಇದ್ದರೆ ಬೇಡ, ಬೈಗುಳ ಇದ್ದರೆ ಬೇಡ, ಮಾಟಮಂತ್ರ ಇದ್ದರೆ ಬೇಡವೇ ಬೇಡ. ಪಟ್ಟಿ ತಪ್ಪಲ್ಲ. ಮಕ್ಕಳಿರುವ ಮನೆಗೆ ಅದು ಬೇಕು. ಆದರೆ ನಾಟಕ, ಆಟ, ಚಿತ್ರ, ಯಂತ್ರಗಳ ಬಗ್ಗೆ ಕ್ರೈಸ್ತರು ಯೋಚಿಸಲು ಶುರುಮಾಡಿ ಹದಿನೆಂಟು ಶತಮಾನ ದಾಟಿದೆ. ಅವರು ಬರೆದಿಟ್ಟಿದ್ದನ್ನು ಓದಿದರೆ, ಅವರ ಕಾಳಜಿ ಈ ಪಟ್ಟಿಗಿಂತ ಎಷ್ಟೋ ಆಳದಲ್ಲಿತ್ತು ಅಂತ ಗೊತ್ತಾಗುತ್ತದೆ.

ನಾವು ನೋಡಲು ಕೂತಾಗ ನಮ್ಮ ಮುಂದೆ ಎರಡು ಸಂಗತಿಗಳಿರುತ್ತವೆ. ಒಂದು, ಪರದೆಯ ಮೇಲೆ ನಡೆಯುವ ಕಥೆ. ಇನ್ನೊಂದು, ಆ ಕಥೆಯನ್ನು ಹೊತ್ತು ತರುವ ಪೆಟ್ಟಿಗೆ. ಹಿಂದೆ ಅದು ನಿಜವಾಗಿಯೂ ಪೆಟ್ಟಿಗೆಯೇ ಆಗಿತ್ತು. ಈಗ ಅಂಗೈಯಲ್ಲಿ ಹಿಡಿಯುವ ಫೋನ್ ಆಗಿದೆ. ಕಥೆಗೆ ಕೇಳಬೇಕಾದ ಪ್ರಶ್ನೆ ಬೇರೆ, ಪೆಟ್ಟಿಗೆಗೆ ಕೇಳಬೇಕಾದ ಪ್ರಶ್ನೆ ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿದರೆ ಚರ್ಚೆ ಎಲ್ಲೂ ತಲುಪುವುದಿಲ್ಲ. ಕಥೆ ಒಳ್ಳೆಯದಿದ್ದರೆ ಎಲ್ಲ ಸರಿ ಅಂತ ಒಬ್ಬರು ಹೇಳುತ್ತಾರೆ, ಟಿವಿಯೇ ಸೈತಾನನ ಪೆಟ್ಟಿಗೆ ಅಂತ ಇನ್ನೊಬ್ಬರು. ಇಬ್ಬರೂ ಅರ್ಧ ಮಾತ್ರ ನೋಡಿದ್ದಾರೆ.

ಮೊದಲು ಕಥೆಯ ವಿಷಯಕ್ಕೆ ಬರೋಣ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಟೆರ್ಟುಲಿಯನ್ ಎಂಬ ಕ್ರೈಸ್ತ ಲೇಖಕನಿದ್ದ. ರೋಮನ್ನರ ನಾಟಕ, ರಥದ ಓಟ, ಜನರ ಮುಂದೆ ಆಯುಧ ಹಿಡಿದು ಕಾದಾಡುವ ಗ್ಲಾಡಿಯೇಟರ್ ಕಾಳಗಗಳಿಗೆ ಕ್ರೈಸ್ತರು ಹೋಗಲೇಬಾರದು ಅಂತ ಒಂದು ಇಡೀ ಪುಸ್ತಕ ಬರೆದ. ಆಗಲೂ ಜನ ಇವತ್ತಿನ ಹಾಗೆಯೇ ವಾದಿಸುತ್ತಿದ್ದರು. "ನಾಟಕಕ್ಕೆ ಹೋಗಬೇಡ ಅಂತ ಬೈಬಲ್‌ನಲ್ಲಿ ಎಲ್ಲಿದೆ?" ಅಂತ ಕೆಲವರು ಕೇಳಿದರು. "ಕುದುರೆ, ಸಿಂಹ, ಮನುಷ್ಯನ ಕಂಠ, ಎಲ್ಲವನ್ನೂ ದೇವರೇ ಮಾಡಿದ್ದಲ್ವಾ?" ಅಂತ ಇನ್ನು ಕೆಲವರು. ಟೆರ್ಟುಲಿಯನ್ ಕೊಟ್ಟ ಉತ್ತರ ನನಗೆ ಇವತ್ತಿಗೂ ಮುಖ್ಯ ಅನ್ನಿಸುತ್ತದೆ. ಕಬ್ಬಿಣವನ್ನೂ ದೇವರೇ ಮಾಡಿದ್ದು, ವಿಷದ ಗಿಡವನ್ನೂ ದೇವರೇ ಮಾಡಿದ್ದು. ಹಾಗಂತ ಕೊಲೆಗಾಗಿ ಮಾಡಿದನಾ ಎಂದು ಅವನು ಕೇಳುತ್ತಾನೆ. ವಸ್ತು ಒಳ್ಳೆಯದು ಅಂದ ಮಾತ್ರಕ್ಕೆ ಅದರ ಬಳಕೆ ಒಳ್ಳೆಯದಾಗುವುದಿಲ್ಲ. ತಂತ್ರಜ್ಞಾನದ ಬಗ್ಗೆ ಇವತ್ತು ನಡೆಯುವ ಅರ್ಧ ಚರ್ಚೆ ಈ ಒಂದು ಮಾತಿನಲ್ಲೇ ಇದೆ.

ಅದೇ ಟೆರ್ಟುಲಿಯನ್ ಪುಸ್ತಕದ ಕೊನೆಯಲ್ಲಿ ಅಂತಿಮ ನ್ಯಾಯತೀರ್ಪಿನ ದಿನವನ್ನು ವರ್ಣಿಸುತ್ತಾನೆ. ಆ ನಟರು, ಆ ಓಟಗಾರರು ಬೆಂಕಿಯಲ್ಲಿ ಬೇಯುವುದನ್ನು ನೋಡುವುದೇ ನಮ್ಮ ದೊಡ್ಡ ಪ್ರದರ್ಶನ ಎಂದು ಹಿಗ್ಗುತ್ತಾನೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಇನ್ನೊಬ್ಬರ ನೋವನ್ನು ನೋಡಿ ಸುಖಪಡುವುದು ತಪ್ಪು ಎಂದು ಅದೇ ಪುಸ್ತಕದಲ್ಲಿ ಹೇಳಿದವನು ಕೊನೆಗೆ ಅದೇ ಸುಖಕ್ಕೆ ಕೈಚಾಚಿದ. ಬರೀ ನಿಷೇಧ ಮಾಡಿದರೆ ಮನುಷ್ಯನ ಒಳಗಿನ ಪ್ರೇಕ್ಷಕ ಸಾಯುವುದಿಲ್ಲ ಅನ್ನೋದು ನನಗೆ ಅರ್ಥವಾಗಿದ್ದು ಇಲ್ಲಿಯೇ.

ಇನ್ನೂರು ವರ್ಷಗಳ ನಂತರ ಸಂತ ಅಗಸ್ಟೀನ್ ಈ ಒಳಗಿನ ಪ್ರೇಕ್ಷಕನನ್ನೇ ಹಿಡಿದು ಮಾತಾಡಿಸಿದರು. ಯೌವನದಲ್ಲಿ ಕಾರ್ತೇಜಿನ ನಾಟಕಗಳೆಂದರೆ ಅವರಿಗೆ ಹುಚ್ಚು. ದುಃಖದ ನಾಟಕ ನೋಡಿ ಅಳುವುದು, ಅತ್ತು ಖುಷಿಪಡುವುದು, ಅಳು ಬರದಿದ್ದರೆ ನಾಟಕ ಚೆನ್ನಾಗಿಲ್ಲ ಅಂತ ಎದ್ದು ಬರುವುದು. ಕ್ರಿ.ಶ. 400ರ ಸುಮಾರಿಗೆ ಬರೆದ ತಮ್ಮ 'ಕನ್ಫೆಷನ್ಸ್' ಎಂಬ ಅರಿಕೆಯ ಪುಸ್ತಕದಲ್ಲಿ ಅವರು ಇದನ್ನು ನೆನೆದು ಒಂದು ಪ್ರಶ್ನೆ ಕೇಳುತ್ತಾರೆ. ತನಗೆ ಬರಬಾರದು ಎಂದುಕೊಳ್ಳುವ ದುಃಖವನ್ನೇ ಮನುಷ್ಯ ವೇದಿಕೆಯ ಮೇಲೆ ನೋಡಲು ಯಾಕೆ ಬಯಸುತ್ತಾನೆ? ಅದು ಕರುಣೆ ಅಂತ ನಾವು ಹೇಳಿಕೊಳ್ಳುತ್ತೇವೆ. ಆದರೆ ಇದು ಎಂಥ ಕರುಣೆ? ಪ್ರೇಕ್ಷಕನನ್ನು ಯಾರೂ ಸಹಾಯಕ್ಕೆ ಕರೆಯುವುದಿಲ್ಲ, ದುಃಖಪಡಲು ಮಾತ್ರ ಕರೆಯುತ್ತಾರೆ.

ಈ ಮಾತು ನನಗೆ ನಾಟಿದ್ದು ಪುಸ್ತಕದಲ್ಲಿ ಅಲ್ಲ, ಮನೆಯಲ್ಲಿ. ಒಂದು ರಾತ್ರಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದು ಧಾರಾವಾಹಿ ನೋಡುತ್ತಿದ್ದೆ. ಮಗ ಮನೆ ಬಿಟ್ಟು ಹೋದ ಮೇಲೆ ಒಬ್ಬಳೇ ಉಳಿದ ತಾಯಿಯ ಕಥೆ. ನಟಿ ಬಹಳ ಚೆನ್ನಾಗಿ ಮಾಡಿದ್ದಳು. ನಾನು ಅಳುತ್ತಿದ್ದೆ, ಸುಮ್ನೆ ಕಣ್ಣು ತೇವವಾಗಿದ್ದಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಎಪಿಸೋಡ್ ಮುಗಿದು ಇಯರ್‌ಫೋನ್ ತೆಗೆದಾಗ ಪಕ್ಕದ ಕೋಣೆಯಿಂದ ಅಮ್ಮನ ದನಿ ಕೇಳಿತು. ಮಂಡಿ ನೋವಿಗೆ ಏಳಲು ಆಗದೆ, ಒಂದು ಲೋಟ ನೀರಿಗಾಗಿ ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. ಹೋಗಿ ನೀರು ಕೊಟ್ಟೆ. "ಯಾಕೆ ಅತ್ತಿದ್ದೀಯಾ?" ಅಂತ ಕೇಳಿದಳು. ಏನಂತ ಹೇಳಲಿ? ಒಬ್ಬಳೇ ಇರುವ ಒಬ್ಬ ತಾಯಿಗಾಗಿ ಅತ್ತೆ ಅಂತ ಹೇಳಲು ನಾಲಿಗೆ ಬರಲಿಲ್ಲ.

ಅಗಸ್ಟೀನರು ತಮ್ಮ ಸ್ನೇಹಿತ ಅಲಿಪಿಯಸ್‌ನ ಕಥೆಯನ್ನೂ ಹೇಳುತ್ತಾರೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅಲಿಪಿಯಸ್ ಕಾನೂನು ಓದಲು ರೋಮಿಗೆ ಹೋಗಿದ್ದ. ಗ್ಲಾಡಿಯೇಟರ್ ಆಟ ಎಂದರೆ ಅವನಿಗೆ ಅಸಹ್ಯ. ಒಂದು ದಿನ ದಾರಿಯಲ್ಲಿ ಸಿಕ್ಕ ಗೆಳೆಯರು ಬಲವಂತವಾಗಿ ಎಳೆದುಕೊಂಡು ಹೋದರು. ನನ್ನ ದೇಹವನ್ನು ಎಳೆಯಬಹುದು, ಕಣ್ಣನ್ನೂ ಮನಸ್ಸನ್ನೂ ಎಳೆಯಲು ಆಗಲ್ಲ ಅಂದ. ಹೋಗಿ ಕೂತು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಆಟದಲ್ಲಿ ಯಾರೋ ಬಿದ್ದರು. ಇಡೀ ಜನ ಒಮ್ಮೆಗೇ ಕೂಗಿತು. ಏನಾಯಿತು ಅಂತ ಒಂದೇ ಒಂದು ಸಲ ನೋಡಿಬಿಡೋಣ ಎಂದು ಕಣ್ಣು ಬಿಟ್ಟ. ಮತ್ತೆ ಮುಚ್ಚಲಾಗಲಿಲ್ಲ. ರಕ್ತ ನೋಡಿದ, ಕೂಗಿದ, ಮತ್ತನಾದ. ಆಮೇಲೆ ತಾನೇ ಬೇರೆಯವರನ್ನು ಕರೆದುಕೊಂಡು ಬರುವವನಾದ. ಅವನು ಕಿವಿಯನ್ನೂ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಗಸ್ಟೀನರು ಮರುಗುತ್ತಾರೆ. ಮುಂದೆ ಇದೇ ಅಲಿಪಿಯಸ್ ಬಿಷಪ್ ಆದ. ಆದರೂ ಅಗಸ್ಟೀನರು ಇದನ್ನು ಮುಚ್ಚಿಡಲಿಲ್ಲ. ತನ್ನ ಸಂಕಲ್ಪದ ಮೇಲೆ ಭಾರ ಹಾಕಿ ಕೂತವನನ್ನು ಒಂದು ಶಬ್ದ ಗೆದ್ದಿತು. ಫೋನ್ ಮೇಜಿನ ಮೇಲೆ ಬೋರಲು ಹಾಕಿ, ಒಂದು ಟಿಂಗ್ ಶಬ್ದಕ್ಕೆ ಎತ್ತಿಕೊಳ್ಳುವ ನಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಥೆ, ನಾಟಕ ಎಲ್ಲ ಅಪಾಯ ಮಾತ್ರವಾ? ಅಲ್ಲ. ಬೈಬಲ್ ತಾನೇ ಇದಕ್ಕೆ ಎದುರು ನಿಲ್ಲುತ್ತದೆ. 2 ಸಮುವೇಲ 12ನೇ ಅಧ್ಯಾಯ ನೋಡಿ. ದಾವೀದ ರಾಜ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ್ದಾನೆ. ಪ್ರವಾದಿ ನಾತಾನ ಬರುತ್ತಾನೆ. ಬಂದವನು ಆರೋಪ ಓದುವುದಿಲ್ಲ, ಕಥೆ ಹೇಳುತ್ತಾನೆ. ಒಬ್ಬ ಬಡವನಿಗೆ ಒಂದೇ ಒಂದು ಕುರಿಮರಿ. ಅವನ ತುತ್ತನ್ನೇ ತಿಂದು, ಅವನ ಬಟ್ಟಲಲ್ಲೇ ಕುಡಿದು, ಅವನ ಮಡಿಲಲ್ಲಿ ಮಗಳ ಹಾಗೆ ಮಲಗುತ್ತಿತ್ತು. ಪಕ್ಕದ ಶ್ರೀಮಂತ ತನ್ನ ಹಿಂಡನ್ನು ಬಿಟ್ಟು ಆ ಮರಿಯನ್ನೇ ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ. ದಾವೀದನಿಗೆ ಸಿಟ್ಟು ನೆತ್ತಿಗೇರುತ್ತದೆ. ಅಂಥವನು ಸಾಯಬೇಕು ಅನ್ನುತ್ತಾನೆ. ಆಗ ನಾತಾನ ಹೇಳುತ್ತಾನೆ: "ಆ ಮನುಷ್ಯನು ನೀನೇ."

ಅಗಸ್ಟೀನರ ನಾಟಕದಲ್ಲಿ ಪ್ರೇಕ್ಷಕ ಅತ್ತು ಮನೆಗೆ ಹೋಗುತ್ತಾನೆ. ನಾತಾನನ ಕಥೆಯಲ್ಲಿ ಪ್ರೇಕ್ಷಕ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎರಡರಲ್ಲೂ ಇರುವುದು ಕಟ್ಟಿದ ಕಥೆಯೇ. ಒಂದು ನಮ್ಮನ್ನು ನಮ್ಮಿಂದ ಮರೆಸುತ್ತದೆ, ಇನ್ನೊಂದು ನಮ್ಮ ಎದುರಿಗೇ ನಮ್ಮನ್ನು ತಂದು ನಿಲ್ಲಿಸುತ್ತದೆ. ಯೇಸು ಹೇಳಿದ ಸಾಮ್ಯಗಳೂ ಹೀಗೆಯೇ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಆರೈಕೆ ಮಾಡಿದ ಒಳ್ಳೇ ಸಮಾರ್ಯದವನ ಕಥೆ ಮುಗಿಯುವುದು "ನೀನೂ ಹೋಗಿ ಹಾಗೆಯೇ ಮಾಡು" ಎಂಬ ಮಾತಿನಿಂದ. ಹಾಗಾಗಿ ಕಥೆಗೆ ದೈವಶಾಸ್ತ್ರ ಕೇಳುವ ಪ್ರಶ್ನೆ ಇದು: ಇದನ್ನು ನೋಡಿ ಎದ್ದಾಗ ನನ್ನ ಪಕ್ಕದಲ್ಲಿರುವ ಮನುಷ್ಯ ನನಗೆ ಮೊದಲಿಗಿಂತ ಹೆಚ್ಚು ಕಾಣುತ್ತಾನಾ, ಕಡಿಮೆ ಕಾಣುತ್ತಾನಾ?

ಪಟ್ಟಿ ಮಾಡುವವರು ಸಾಮಾನ್ಯವಾಗಿ ಫಿಲಿಪ್ಪಿ 4:8 ಓದುತ್ತಾರೆ. ಸತ್ಯವಾದದ್ದು, ಮಾನ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು, ಇವುಗಳನ್ನೇ ಲಕ್ಷ್ಯಕ್ಕೆ ತಂದುಕೊಳ್ಳಿರಿ ಎಂಬ ವಚನ. ಅದರಲ್ಲಿ ಮೊದಲು ಬರುವುದು ಸತ್ಯ, ಶುದ್ಧ ಬರುವುದು ಆಮೇಲೆ. ಬೈಬಲಿನಲ್ಲೇ ಕೊಲೆ ಇದೆ, ಅತ್ಯಾಚಾರ ಇದೆ, ತಮ್ಮನನ್ನು ಕೊಂದ ಅಣ್ಣ ಇದ್ದಾನೆ. ಕೆಟ್ಟದ್ದನ್ನು ಕೆಟ್ಟದ್ದು ಎಂದು ಪ್ರಾಮಾಣಿಕವಾಗಿ ತೋರಿಸುವ ಕಥೆ ಸತ್ಯವಾದದ್ದೇ. ಒಂದೂ ಬೈಗುಳವಿಲ್ಲದ, ಒಂದು ಹನಿ ರಕ್ತವಿಲ್ಲದ ಧಾರಾವಾಹಿ ವರ್ಷಗಟ್ಟಲೆ ಹೊಟ್ಟೆಕಿಚ್ಚನ್ನೂ ಸೇಡನ್ನೂ ಸಹಜ ಎಂಬಂತೆ ತೋರಿಸಿದರೆ, ಅದು ಪಟ್ಟಿಯಲ್ಲಿ ಪಾಸಾಗುತ್ತದೆ, ಮನಸ್ಸಿಗೆ ಮಾತ್ರ ವಿಷ. ನನಗೆ ಮೊದಲನೆಯದಕ್ಕಿಂತ ಎರಡನೆಯದರ ಭಯ ಜಾಸ್ತಿ.

ಚರ್ಚ್ ನಾಟಕವನ್ನು ದೂರ ಇಟ್ಟದ್ದೂ ನಿಜ, ಹೆತ್ತದ್ದೂ ನಿಜ. ಹತ್ತನೇ ಶತಮಾನದ ಯೂರೋಪಿನ ಮಠಗಳಲ್ಲಿ ಈಸ್ಟರ್ ಆರಾಧನೆಯ ನಡುವೆ ಒಂದು ಪುಟ್ಟ ಸಂಭಾಷಣೆ ಶುರುವಾಯಿತು. ಬಿಳಿ ನಿಲುವಂಗಿಯ ಸನ್ಯಾಸಿಯೊಬ್ಬ ಯೇಸುವಿನ ಸಮಾಧಿಯ ಬಳಿ ದೇವದೂತನಾಗಿ ಕೂರುತ್ತಾನೆ. ಮೂವರು ಧೂಪದ ಪಾತ್ರೆ ಹಿಡಿದು ಏನನ್ನೋ ಹುಡುಕುವವರಂತೆ ನಿಧಾನವಾಗಿ ಬರುತ್ತಾರೆ. "ಯಾರನ್ನು ಹುಡುಕುತ್ತೀರಿ?" ಎಂದು ಅವನು ಕೇಳುತ್ತಾನೆ. ಮಧ್ಯಯುಗದ ಯೂರೋಪಿನಲ್ಲಿ ನಾಟಕ ಮತ್ತೆ ಬೆಳೆದದ್ದಕ್ಕೆ ಈ ಪುಟ್ಟ ಮಾತುಕತೆಯೂ ಒಂದು ಬೀಜ. 1642ರಲ್ಲಿ ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರ ಕೈ ಮೇಲಾದ ಸಂಸತ್ತು ನಾಟಕಶಾಲೆಗಳನ್ನೇ ಮುಚ್ಚಿಸಿತು. ಸುಮಾರು ಮೂರು ಶತಮಾನಗಳ ನಂತರ 1941ರ ಕೊನೆಗೆ ಅದೇ ದೇಶದಲ್ಲಿ ಬಿಬಿಸಿ ರೇಡಿಯೋದಲ್ಲಿ ಯೇಸುವಿನ ಜೀವನದ ಹನ್ನೆರಡು ನಾಟಕಗಳ ಸರಣಿ ಶುರುವಾಯಿತು. ಬರೆದವರು ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್. ಯೇಸುವಿಗೆ ಒಬ್ಬ ನಟ ದನಿ ಕೊಟ್ಟದ್ದು, ಶಿಷ್ಯರು ಬೀದಿಯ ಇಂಗ್ಲಿಷಿನಲ್ಲಿ ಮಾತಾಡಿದ್ದು ದೊಡ್ಡ ಗಲಾಟೆಯಾಯಿತು, ಪಾರ್ಲಿಮೆಂಟಿನವರೆಗೂ ಹೋಯಿತು. ಸೇಯರ್ಸ್ ಬಗ್ಗಲಿಲ್ಲ. ವಾಕ್ಯವೆಂಬುವನು ನರಾವತಾರ ಎತ್ತಿದ ಎಂದು ನಂಬುವವರು, ಅವನು ನಿಜವಾದ ಊರಲ್ಲಿ ನಿಜವಾದ ಜನರ ನಡುವೆ ಮಾತಾಡಿದ ಎಂಬುದಕ್ಕೆ ಯಾಕೆ ಹೆದರಬೇಕು? ದೇವರನ್ನು ಚಿತ್ರದಲ್ಲಿ ತೋರಿಸಬಹುದೇ ಎಂಬ ಜಗಳ ಎಂಟನೇ ಶತಮಾನದಲ್ಲೇ ನಡೆದಿತ್ತು. 787ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಚಿತ್ರಗಳ ಪರವಾಗಿ ನಿಂತಾಗಲೂ ಆಧಾರ ಇದೇ ನರಾವತಾರ.

ಈಗ ಪೆಟ್ಟಿಗೆಗೆ ಬರುವ ಮೊದಲು ಒಂದು ಟಿವಿ ಕಂತಿನ ಬಗ್ಗೆ ಹೇಳಲೇಬೇಕು. ಕಥೆಯ ಪ್ರಶ್ನೆಯೂ ಯಂತ್ರದ ಪ್ರಶ್ನೆಯೂ ಒಂದೇ ಕಡೆ ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. 1980ರ ದಶಕದ ಕೊನೆಯಲ್ಲಿ ಪೋಲೆಂಡಿನ ಟೆಲಿವಿಷನ್ನಿಗಾಗಿ ಕ್ರಿಸ್ಟೋಫ್ ಕಿಸ್ಲೋವ್‌ಸ್ಕಿ 'ಡೆಕಲಾಗ್' ಎಂಬ ಹತ್ತು ಕಂತುಗಳ ಸರಣಿ ಮಾಡಿದರು. ಹತ್ತು ಕಂತು, ಬೈಬಲಿನ ಹತ್ತು ಆಜ್ಞೆ. ಮೊದಲ ಕಂತಿನಲ್ಲಿ ಒಬ್ಬ ತಂದೆ, ಶಾಲೆಗೆ ಹೋಗುವ ಮಗ ಪಾವೆಲ್. ತಂದೆ ವಿಶ್ವವಿದ್ಯಾಲಯದ ಮೇಷ್ಟ್ರು, ಲೆಕ್ಕದಲ್ಲಿ ಅಪಾರ ನಂಬಿಕೆ. ಮನೆಯಲ್ಲಿ ಕಂಪ್ಯೂಟರ್ ಇದೆ. ಹುಡುಗ ಅದಕ್ಕೆ ಬಾಗಿಲು ಹಾಕುವ, ನಲ್ಲಿ ಬಿಡುವ ಕೆಲಸ ಕಲಿಸಿದ್ದಾನೆ.

ಹುಡುಗನಿಗೆ ಒಬ್ಬ ಅತ್ತೆ, ತಂದೆಯ ಸಹೋದರಿ. ದೇವರನ್ನು ನಂಬುವವಳು. ದೇವರು ಅಂದರೆ ಏನು ಅಂತ ಹುಡುಗ ಅವಳನ್ನು ಕೇಳುತ್ತಾನೆ. ಅವಳು ಅವನನ್ನು ಅಪ್ಪಿಕೊಂಡು, ಈಗ ಏನನ್ನಿಸುತ್ತದೆ ಅಂತ ಕೇಳುತ್ತಾಳೆ. ನೀನಂದ್ರೆ ಇಷ್ಟ ಅಂತ ಹುಡುಗ ಹೇಳುತ್ತಾನೆ. ದೇವರು ಅದರಲ್ಲೇ ಇದ್ದಾನೆ ಅನ್ನುತ್ತಾಳೆ. ಅಷ್ಟೇ. ಉಪದೇಶವಿಲ್ಲ.

ಚಳಿಗಾಲ. ಕೆರೆ ಹೆಪ್ಪುಗಟ್ಟಿದೆ. ಹುಡುಗನಿಗೆ ಹೊಸ ಸ್ಕೇಟ್ಸ್ ಸಿಕ್ಕಿವೆ. ಮಂಜುಗಡ್ಡೆ ಅವನ ಭಾರ ತಡೆಯುತ್ತದಾ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಅವನಿಗಿಂತ ಎಷ್ಟೋ ಹೆಚ್ಚು ಭಾರವನ್ನು ತಡೆಯುತ್ತದೆ ಎಂದು ಉತ್ತರ ಬರುತ್ತದೆ. ತಂದೆ ಬೇಜವಾಬ್ದಾರಿ ಮನುಷ್ಯನಲ್ಲ. ರಾತ್ರಿ ತಾನೇ ಹೋಗಿ ಮಂಜುಗಡ್ಡೆಯ ಮೇಲೆ ನಡೆದು, ತುಳಿದು ನೋಡುತ್ತಾನೆ. ಆದರೂ ಮಾರನೆಯ ದಿನ ಅದು ಒಡೆಯುತ್ತದೆ. ಯಾಕೆ ಒಡೆಯಿತು ಅಂತ ಕಥೆ ಹೇಳುವುದಿಲ್ಲ. ಮಗ ಹೋದ ಮನೆಯಲ್ಲಿ ಕಂಪ್ಯೂಟರಿನ ಹಸಿರು ಪರದೆ ಹೊತ್ತಿಕೊಂಡಿದೆ. ಅದರ ಮೇಲೆ ಒಂದೇ ವಾಕ್ಯ: ನಾನು ಸಿದ್ಧ.

ತಂದೆ ಇನ್ನೂ ಕಟ್ಟಿ ಮುಗಿಯದ ಚರ್ಚಿಗೆ ಹೋಗಿ ಬಲಿಪೀಠವನ್ನು ತಳ್ಳಿ ಬೀಳಿಸುತ್ತಾನೆ. ಮೇಣದಬತ್ತಿಯ ಮೇಣ ಮಾತೆ ಮರಿಯಳ ಚಿತ್ರದ ಕೆನ್ನೆಯ ಮೇಲೆ ಕಣ್ಣೀರಿನ ಹಾಗೆ ಇಳಿಯುತ್ತದೆ. ಕಂತಿನ ಮೊದಲಲ್ಲೂ ಕೊನೆಯಲ್ಲೂ ಇರುವುದು ಒಂದು ಟಿವಿ ಪರದೆ. ಶಾಲೆಯಲ್ಲಿ ಟಿವಿಯವರು ಚಿತ್ರೀಕರಿಸಿದ ದೃಶ್ಯದಲ್ಲಿ ಹುಡುಗ ಓಡಿಬರುತ್ತಿದ್ದಾನೆ, ಅತ್ತೆ ಬೀದಿಯಲ್ಲಿ ನಿಂತು ಅದನ್ನು ನೋಡಿ ಅಳುತ್ತಿದ್ದಾಳೆ. ಕೊನೆಗೆ ಆ ಚಿತ್ರ ಹಾಗೇ ನಿಂತು ಮಸುಕಾಗುತ್ತದೆ. ಪೆಟ್ಟಿಗೆ ಹುಡುಗನ ಮುಖವನ್ನು ಉಳಿಸಿಕೊಂಡಿದೆ, ಹುಡುಗನನ್ನು ಅಲ್ಲ.

"ನನ್ನ ಹೊರತು ನಿನಗೆ ಬೇರೆ ದೇವರುಗಳು ಇರಬಾರದು" ಎಂಬ ಆಜ್ಞೆಯ ಕಥೆ ಇದು. ಆದರೆ ಕಂಪ್ಯೂಟರ್ ನಂಬಿದ್ದಕ್ಕೆ ದೇವರು ಶಿಕ್ಷೆ ಕೊಟ್ಟ ಎಂದು ಓದಿದರೆ ಕಥೆಗೂ ಅನ್ಯಾಯ, ದೇವರಿಗೂ ಅನ್ಯಾಯ. ತಂದೆ ಲೆಕ್ಕ ಹಾಕಿದ್ದು ಪಾಪವಲ್ಲ. ಲೆಕ್ಕ ಹೇಳಲಾಗದ ವಿಷಯವನ್ನೂ ಲೆಕ್ಕಕ್ಕೇ ಒಪ್ಪಿಸಿಬಿಟ್ಟಿದ್ದ, ಅಷ್ಟೇ. ಬೈಬಲಿನ ಭಾಷೆಯಲ್ಲಿ ವಿಗ್ರಹ ಅನ್ನೋದು ಇದನ್ನೇ. ಕೈಯಿಂದ ಮಾಡಿದ ಒಳ್ಳೆಯ ವಸ್ತು, ಅದರಿಂದ ಆಗದ್ದನ್ನು ಅದರಿಂದ ಕೇಳುವುದು.

ಹಾಗಂತ ಬೈಬಲ್ ಕೈಕೆಲಸದ ವಿರೋಧಿ ಅಲ್ಲ. ಇನ್ನು ಎರಡನೇ ಪ್ರಶ್ನೆ ಶುರುವಾಗುವುದು ಇಲ್ಲಿಂದ. ವಿಮೋಚನಕಾಂಡ 31ನೇ ಅಧ್ಯಾಯದಲ್ಲಿ ದೇವರು ಬೆಚಲೇಲ ಎಂಬ ಕುಶಲಕರ್ಮಿಯನ್ನು ಹೆಸರಿಡಿದು ಕರೆದು ತನ್ನ ಆತ್ಮದಿಂದ ತುಂಬಿಸುತ್ತಾನೆ. ಯಾಕೆ? ಚಿನ್ನ, ಬೆಳ್ಳಿ, ತಾಮ್ರ, ಮರದ ಕೆಲಸ ಮಾಡಲು. ಮುಂದಿನ ಪುಟ ತಿರುಗಿಸಿದರೆ 32ನೇ ಅಧ್ಯಾಯ, ಜನ ತಾವೇ ಮಾಡಿಸಿ ಪೂಜಿಸಿದ ಚಿನ್ನದ ಬಸವ. ಅದೇ ಜನ, ಅದೇ ಕಿವಿಯ ಚಿನ್ನ, ಅದೇ ಉಳಿ. ಈ ಎರಡು ಅಧ್ಯಾಯಗಳು ಅಕ್ಕಪಕ್ಕ ಇರುವುದನ್ನು ಗಮನಿಸಿದಾಗಿನಿಂದ ತಂತ್ರಜ್ಞಾನದ ಬಗ್ಗೆ ಯಾರೇ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರೂ ನನಗೆ ಒಪ್ಪಲು ಆಗುವುದಿಲ್ಲ. ಯೇಸು ಸ್ವತಃ ಬಡಗಿ ಅನ್ನೋದನ್ನೂ ಮರೆಯಬಾರದು.

ಆದರೆ "ಯಂತ್ರ ಸುಮ್ನೆ ಒಂದು ಸಾಧನ, ಬಳಸುವವರ ಮೇಲೆ ಇರೋದು" ಎಂಬ ಮಾತನ್ನೂ ಇಪ್ಪತ್ತನೇ ಶತಮಾನದ ಕ್ರೈಸ್ತ ಚಿಂತಕರು ಒಪ್ಪಲಿಲ್ಲ. ಫ್ರಾನ್ಸಿನ ಜಾಕ್ ಎಲ್ಯುಲ್ ಕಾನೂನಿನ ಪ್ರೊಫೆಸರ್, ಪ್ರಾಟೆಸ್ಟೆಂಟರ ರಿಫಾರ್ಮ್ಡ್ ಸಭೆಯ ಸದಸ್ಯ. 1954ರಲ್ಲಿ ಅವರು ಬರೆದದ್ದರ ತಿರುಳು ಹೀಗಿದೆ. ಎಲ್ಲದರಲ್ಲೂ ಅತಿ ಬೇಗ, ಅತಿ ಸುಲಭ, ಅತಿ ಹೆಚ್ಚು ಫಲ ಕೊಡುವ ಒಂದೇ ದಾರಿಯನ್ನು ಹುಡುಕುವ ಮನೋಭಾವ ಇದೆಯಲ್ಲ, ಅದೇ ನಿಜವಾದ ತಂತ್ರ. ಯಂತ್ರ ಅದರ ಒಂದು ರೂಪ ಮಾತ್ರ. ಒಮ್ಮೆ ಅದು ಬದುಕನ್ನು ಆವರಿಸಿದರೆ 'ಇದು ಯಾಕೆ ಬೇಕು' ಎಂದು ಕೇಳುವುದನ್ನೇ ನಾವು ಮರೆಯುತ್ತೇವೆ. ಕೆನಡಾದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್ಲುಹಾನ್ 1937ರಲ್ಲಿ ಕ್ಯಾಥೊಲಿಕ್ ಸಭೆ ಸೇರಿದವರು. ಮಾಧ್ಯಮವೇ ಸಂದೇಶ ಎಂಬ ಅವರ ಮಾತು ಎಲ್ಲರಿಗೂ ಗೊತ್ತು. ಪೆಟ್ಟಿಗೆಯಲ್ಲಿ ಏನು ಬರುತ್ತದೆ ಅನ್ನೋದಕ್ಕಿಂತ, ಪೆಟ್ಟಿಗೆ ಬಂದ ಮೇಲೆ ಮನೆ ಹೇಗೆ ಬದಲಾಯಿತು ನೋಡಿ ಅನ್ನೋದು ಅದರ ಅರ್ಥ.

ನನಗೆ ಹೆಚ್ಚು ಸಹಾಯ ಮಾಡಿದ್ದು ಆಲ್ಬರ್ಟ್ ಬೋರ್ಗ್‌ಮನ್ ಎಂಬ ಕ್ಯಾಥೊಲಿಕ್ ತತ್ವಜ್ಞಾನಿ. 1984ರಲ್ಲಿ ಅವರು ಒಂದು ಸರಳ ಉದಾಹರಣೆ ಕೊಟ್ಟರು. ಹಿಂದೆ ಚಳಿಯ ದೇಶದ ಮನೆಗಳಲ್ಲಿ ಬೆಂಕಿಯ ಒಲೆ ಇತ್ತು. ಒಬ್ಬರು ಸೌದೆ ಕಡಿಯಬೇಕು, ಒಬ್ಬರು ತಂದು ಜೋಡಿಸಬೇಕು, ಒಬ್ಬರು ಉರಿ ಹಚ್ಚಬೇಕು. ಬೆಚ್ಚಗಾಗಬೇಕೆಂದರೆ ಎಲ್ಲರೂ ಒಂದೇ ಕಡೆ ಬಂದು ಕೂರಬೇಕು. ಆಮೇಲೆ ಮನೆಯಿಡೀ ಬಿಸಿ ಮಾಡುವ ಯಂತ್ರ ಬಂತು. ಬಿಸಿ ಹಾಗೇ ಉಳಿಯಿತು. ಸೌದೆ, ಕೆಲಸ, ಒಟ್ಟಿಗೆ ಕೂರುವುದು ಹೋಯಿತು. ಯಂತ್ರ ನಮಗೆ ಬೇಕಾದ್ದನ್ನು ಕೊಡುತ್ತದೆ, ನಮ್ಮಿಂದ ಏನನ್ನೂ ಕೇಳುವುದಿಲ್ಲ. ಏನನ್ನೂ ಕೇಳದ ಕಡೆ ಸಂಬಂಧವೂ ಬೆಳೆಯುವುದಿಲ್ಲ.

ಇದನ್ನು ಕಥೆಗೆ ಹಾಕಿ ನೋಡಿ. ಒಂದು ಕಾಲದಲ್ಲಿ ಕಥೆ ಬೇಕೆಂದರೆ ಹೇಳುವ ಒಬ್ಬ ಮನುಷ್ಯ ಬೇಕಿತ್ತು. ಅವನಿಗೆ ನಿದ್ದೆ ಬಂದರೆ ಕಥೆ ಮುಗಿಯಿತು. ಆಮೇಲೆ ಟಿವಿ ಬಂತು. ಆಗಲೂ ಮನೆಮಂದಿ ಒಟ್ಟಿಗೆ ಕೂರುತ್ತಿದ್ದರು, ಮುಂದಿನ ಕಂತಿಗೆ ವಾರ ಕಾಯುತ್ತಿದ್ದರು. ಈಗ ಕಾಯುವುದೇ ಇಲ್ಲ. ಒಂದು ಎಪಿಸೋಡ್ ಮುಗಿದರೆ ಮೂಲೆಯಲ್ಲಿ 5, 4, 3 ಅಂತ ಎಣಿಕೆ. ನಾವು ಏನೂ ಮಾಡದಿದ್ದರೆ ಮುಂದಿನದು ತಾನಾಗೇ ಶುರು. ಎಲ್ಲಿ ನಿಲ್ಲಿಸಿದೆವು, ಯಾವುದನ್ನು ಮತ್ತೆ ನೋಡಿದೆವು, ಯಾವುದನ್ನು ಬಿಟ್ಟು ಓಡಿದೆವು, ಎಲ್ಲವನ್ನೂ ಯಂತ್ರ ಲೆಕ್ಕ ಇಟ್ಟು ಮುಂದಿನದನ್ನು ಮುಂದಿಡುತ್ತದೆ. ಅಲಿಪಿಯಸ್ ಕಣ್ಣು ಬಿಟ್ಟದ್ದು ಜನರ ಕೂಗಿಗೆ. ಇಲ್ಲಿ ಯಾವ ಕೂಗಿಗೆ ಯಾರು ಕಣ್ಣು ಬಿಡುತ್ತಾರೆ ಅಂತ ಯಂತ್ರಕ್ಕೆ ಮೊದಲೇ ಗೊತ್ತು.

ಕ್ಯಾಥೊಲಿಕರ ಬಲಿಪೂಜೆಗೆ ಇಂಗ್ಲಿಷಿನಲ್ಲಿ ಮಾಸ್ ಅನ್ನುತ್ತಾರಲ್ಲ, ಆ ಪದ ಬಂದದ್ದು ಪೂಜೆಯ ಕೊನೆಯ ಲ್ಯಾಟಿನ್ ಮಾತಿನಿಂದ. ಇಟೆ, ಮಿಸ್ಸಾ ಎಸ್ಟ್. ಹೊರಡಿ, ನಿಮ್ಮನ್ನು ಕಳಿಸಿಕೊಡಲಾಗಿದೆ. ಇಡೀ ಆರಾಧನೆಗೆ ಹೆಸರು ಸಿಕ್ಕಿರುವುದು ಬೀಳ್ಕೊಡುವ ಮಾತಿನಿಂದ! ದೇವರ ಮುಂದೆ ಕೂತವರನ್ನು ಚರ್ಚ್ ನೆರೆಯವರ ಕಡೆಗೆ ಕಳಿಸುತ್ತದೆ. ಪೆಟ್ಟಿಗೆ ಹೇಳುವುದು ಹೋಗಬೇಡ, ಇನ್ನೂ ಇದೆ ಅಂತ. ಪೆಟ್ಟಿಗೆಗೆ ಕೇಳಬೇಕಾದ ಪ್ರಶ್ನೆ ನನಗೆ ಸಿಕ್ಕಿದ್ದು ಇಲ್ಲಿ: ನೀನು ನನ್ನನ್ನು ಯಾವಾಗಲಾದರೂ ಕಳಿಸಿಕೊಡುತ್ತೀಯಾ? ವಾರಕ್ಕೊಂದು ದಿನ ಕೆಲಸ ನಿಲ್ಲಿಸಬೇಕೆಂಬ ಸಬ್ಬತ್ತಿನ ಆಜ್ಞೆಯೂ ಇದೇ ಮಾತು. ಆರು ದಿನ ಸೃಷ್ಟಿ ಮಾಡಿದ ದೇವರು ಏಳನೇ ದಿನ ನಿಲ್ಲಿಸಿದ. ನಿಲ್ಲಿಸುವುದು ಅವನಿಗೂ ಗೊತ್ತಿತ್ತು.

ಇಷ್ಟೆಲ್ಲ ಅನುಮಾನ ಇದ್ದರೂ ಚರ್ಚ್ ಯಂತ್ರವನ್ನು ಅಪ್ಪಿಕೊಂಡಿತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. 1931ರ ಫೆಬ್ರವರಿ 12ರಂದು ಮಾರ್ಕೋನಿ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೋದಿಂದ ಪೋಪ್ 11ನೇ ಪಯಸ್ ಮಾತಾಡಿದರು. 1957ರಲ್ಲಿ ಪೋಪ್ 12ನೇ ಪಯಸ್ ಸಿನಿಮಾ, ರೇಡಿಯೋ, ಟೆಲಿವಿಷನ್ ಬಗ್ಗೆ ವಿಶ್ವಪತ್ರ, ಅಂದರೆ ಇಡೀ ಸಭೆಗೆ ಪತ್ರ, ಬರೆದರು. ಮರುವರ್ಷ ಅಸ್ಸೀಸಿಯ ಸಂತ ಕ್ಲಾರಾ ಅವರನ್ನು ಟೆಲಿವಿಷನ್ನಿನ ಪಾಲಕ ಸಂತಳೆಂದು ಘೋಷಿಸಿದರು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಮಾಧ್ಯಮಗಳ ಬಗ್ಗೆಯೇ ಒಂದು ದಸ್ತಾವೇಜು ಹೊರಡಿಸಿತು.

ಹದಿಮೂರನೇ ಶತಮಾನದ ಕ್ಲಾರಾಗೂ ಟಿವಿಗೂ ಏನು ಸಂಬಂಧ? ಒಂದು ಕ್ರಿಸ್ಮಸ್ ರಾತ್ರಿ ಅವರಿಗೆ ತುಂಬ ಹುಷಾರಿರಲಿಲ್ಲ. ಉಳಿದ ಸಹೋದರಿಯರೆಲ್ಲ ಪೂಜೆಗೆ ಹೋದರು. ಹಾಸಿಗೆಯಲ್ಲಿ ಒಬ್ಬರೇ ಇದ್ದ ಅವರಿಗೆ ದೂರದ ದೇವಾಲಯದ ಹಾಡು ಕೇಳಿಸಿತು, ಅಲ್ಲಿನ ದೃಶ್ಯ ಕಾಣಿಸಿತು ಎಂದು ಅವರ ಜೀವನಕಥೆ ಹೇಳುತ್ತದೆ. ಹೋಗಲು ಆಗದವರಿಗೆ ಹತ್ತಿರ ತರುವುದು, ಟಿವಿ ಮಾಡಬಲ್ಲ ಅತ್ಯಂತ ಒಳ್ಳೆಯ ಕೆಲಸ ಇದೇ.

ಹೋಗಲು ಆಗುವವರ ವಿಷಯ ಬೇರೆ. 1950ರ ದಶಕದಲ್ಲಿ ಬಲಿಪೂಜೆಯನ್ನು ಟಿವಿಯಲ್ಲಿ ತೋರಿಸುತ್ತಿದ್ದಾಗ ಕಾರ್ಲ್ ರಾನರ್ ಎಂಬ ಜರ್ಮನ್ ದೈವಶಾಸ್ತ್ರಿ ವಿರೋಧಿಸಿದರು. ಕೆಲವು ಸಂಗತಿಗಳು ಪಾಲುಗೊಳ್ಳುವವರಿಗೆ ಮಾತ್ರ, ಸುಮ್ಮನೆ ನೋಡುವವರ ಮುಂದೆ ಇಡುವಂಥವಲ್ಲ ಎಂಬುದು ಅವರ ವಾದ. ಆಗ ಅದು ಹಳೇ ಕಾಲದ ಮಾತಿನಂತೆ ಕೇಳಿಸಿರಬೇಕು. 2002ರಲ್ಲಿ ವ್ಯಾಟಿಕನ್ ಇಂಟರ್ನೆಟ್ ಬಗ್ಗೆ ಬರೆಯುವಾಗ, ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ, ಅಂದರೆ ದೀಕ್ಷಾಸ್ನಾನ, ಬಲಿಪೂಜೆಯಂಥವು ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. 2020ರಲ್ಲಿ ಜಗತ್ತಿನಾದ್ಯಂತ ಚರ್ಚುಗಳ ಬಾಗಿಲು ಮುಚ್ಚಿದಾಗ ಈ ಪ್ರಶ್ನೆ ಎಲ್ಲರ ಮನೆಗೂ ಬಂತು. ಕೆಲವು ಪ್ರಾಟೆಸ್ಟೆಂಟ್ ಸಭೆಗಳು ಪರದೆಯ ಮುಂದೆ ರೊಟ್ಟಿ, ದ್ರಾಕ್ಷಾರಸ ಇಟ್ಟುಕೊಂಡು ಪ್ರಭುಭೋಜನದಲ್ಲಿ ಸೇರಲು ಬಿಟ್ಟವು. ಕ್ಯಾಥೊಲಿಕರು ಒಪ್ಪಲಿಲ್ಲ. ದೇಹ ಅನ್ನೋದು ಕ್ರೈಸ್ತ ನಂಬಿಕೆಯಲ್ಲಿ ಸಣ್ಣ ವಿಷಯವಲ್ಲ. ದೇವರು ಸಂದೇಶ ಕಳಿಸಿ ಸುಮ್ಮನಾಗಲಿಲ್ಲ, ದೇಹ ಧರಿಸಿ ಬಂದ. ನನ್ನ ಮನಸ್ಸು ಇಲ್ಲಿ ರಾನರ್ ಕಡೆಗೇ ವಾಲುತ್ತದೆ. ಆದರೂ ಆ ದಿನಗಳಲ್ಲಿ ಪರದೆಯ ಮುಂದೆ ಮೊಣಕಾಲೂರಿದವರ ಪ್ರಾರ್ಥನೆ ಕಡಿಮೆಯದು ಅಂತ ಹೇಳುವ ಧೈರ್ಯ ನನಗಿಲ್ಲ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಕಥೆ ಬರೆಯುವುದೂ ಯಂತ್ರದ ಕೈಯಲ್ಲಾಗುತ್ತದೆ, ಮುಖವನ್ನೂ ದನಿಯನ್ನೂ ಯಂತ್ರವೇ ಕಟ್ಟುತ್ತದೆ. 2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ ದಸ್ತಾವೇಜಿನ ಪ್ರಕಾರ ಬುದ್ಧಿ ಅಂದರೆ ಕೆಲಸ ಮುಗಿಸುವ ಶಕ್ತಿ ಮಾತ್ರ ಅಲ್ಲ, ಅದು ದೇಹದ ಜೊತೆ, ಸಂಬಂಧಗಳ ಜೊತೆ, ಜವಾಬ್ದಾರಿಯ ಜೊತೆ ಬೆಳೆಯುವಂಥದ್ದು. ಅದೇ ವರ್ಷ ಆಯ್ಕೆಯಾದ ಪೋಪ್ 14ನೇ ಲಿಯೋ, ತಾವು ಈ ಹೆಸರನ್ನು ಆರಿಸಿಕೊಂಡದ್ದಕ್ಕೆ 13ನೇ ಲಿಯೋ 1891ರಲ್ಲಿ ಕೈಗಾರಿಕಾ ಕ್ರಾಂತಿಯ ಕಾಲದ ಕಾರ್ಮಿಕರ ಪರ ಬರೆದ ವಿಶ್ವಪತ್ರವನ್ನು ನೆನೆದರು. ಕೃತಕ ಬುದ್ಧಿಮತ್ತೆಯನ್ನು ಇನ್ನೊಂದು ಕೈಗಾರಿಕಾ ಕ್ರಾಂತಿ ಎಂದೇ ಕರೆದರು. ನಾತಾನನ ಕಥೆಯನ್ನು ಯಂತ್ರ ಬರೆಯಬಹುದೇನೋ. "ಆ ಮನುಷ್ಯನು ನೀನೇ" ಎಂದು ರಾಜನ ಎದುರು ನಿಂತು ಹೇಳಲು ಮಾತ್ರ ಜೀವದ ಆಸೆ ಬಿಟ್ಟ ಒಬ್ಬ ಮನುಷ್ಯನೇ ಬೇಕು.

ನಮ್ಮ ಮನೆಯಲ್ಲಿ ಆ ರಾತ್ರಿಯ ನಂತರ ಇಯರ್‌ಫೋನ್ ಡ್ರಾಯರ್ ಸೇರಿತು. ತಾನಾಗೇ ಮುಂದಿನ ಎಪಿಸೋಡ್ ಶುರುವಾಗುವ ಸೆಟ್ಟಿಂಗನ್ನು ಆಫ್ ಮಾಡಿದೆ. ಈಗ ದಿನಕ್ಕೆ ಒಂದೇ ಕಂತು, ಅದೂ ಅಮ್ಮನ ಕೋಣೆಯಲ್ಲಿ, ಅವಳ ಮಂಚದ ಮೇಲೆ ಕೂತು. ಅಮ್ಮ ನೋಡುವಾಗ ಸುಮ್ಮನಿರುವುದಿಲ್ಲ. ಪಾತ್ರಗಳ ಜೊತೆ ಮಾತಾಡುತ್ತಾಳೆ, ನನ್ನನ್ನು ಕೇಳುತ್ತಾಳೆ, ಅರ್ಧ ಸಂಭಾಷಣೆ ತಪ್ಪಿಹೋಗುತ್ತದೆ. ಮೊನ್ನೆ ಒಂದು ಕಂತಿನಲ್ಲಿ ಗಂಡ ತೀರಿಕೊಂಡ ಹೆಂಗಸೊಬ್ಬಳು ಎರಡು ತಟ್ಟೆ ಹಾಕಿ, ಆಮೇಲೆ ನೆನಪಾಗಿ ಒಂದನ್ನು ಎತ್ತಿಡುವ ದೃಶ್ಯ ಬಂತು. ನನ್ನ ಕಣ್ಣು ತುಂಬಿತು. ಅಮ್ಮ ಅಳಲಿಲ್ಲ. ಸ್ವಲ್ಪ ಹೊತ್ತು ಏನೋ ಯೋಚಿಸಿದಳು.

"ನಮ್ಮ ಚರ್ಚಲ್ಲಿ ಕೊನೇ ಬೆಂಚಲ್ಲಿ ಕೂರ್ತಾಳಲ್ಲ, ಅವಳಿಗೂ ಹೋದ ತಿಂಗಳೇ ಹೀಗಾಗಿದ್ದು. ಟಿವಿ ಸ್ವಲ್ಪ ನಿಲ್ಲಿಸು. ಅವಳ ನಂಬರ್ ನಿನ್ನ ಫೋನಲ್ಲಿ ಇದೆಯಾ ನೋಡು."